ಬೀದರಿನ ದಾರಿಯಲ್ಲಿ ಬಾರಿಸಿದ ಸ್ಟೀಲ್ ಲೋಟ

ಗೊತ್ತಿಲ್ಲದ ಊರಿಗೆ ನೀವು ಕೊನೆಯ ಬಾರಿ ಹೋದಾಗ, ಆ ಊರಿನವರೊಬ್ಬರು ನಿಮಗೆ ಹೇಳಿದ ಮೊದಲ ಮಾತನ್ನು ಪೂರ್ತಿ ಕೇಳಿಸಿಕೊಂಡಿರಾ? ಹೌದು ಎಂದು ಥಟ್ಟನೆ ಉತ್ತರಿಸಬೇಡಿ. ಬೀದರಿಗೆ ಹೋಗುವವರೆಗೆ ನಾನೂ ಹಾಗೆಯೇ ಉತ್ತರಿಸುತ್ತಿದ್ದೆ.

ನಾನು ತುಮಕೂರಿನಲ್ಲಿ ಕಾಲೇಜು ಅಧ್ಯಾಪಕ. ಭಾನುವಾರಗಳಂದು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಗ್ರಾಮಸಭೆಯಲ್ಲಿ ಬಾಯಿ ತೆರೆಯಲು ಅಂಜುವವರಿಗೆ ಎದ್ದು ನಿಂತು ಮಾತನಾಡುವುದನ್ನು ಕಲಿಸುತ್ತೇನೆ. ಮಾತನಾಡುವ ಹಕ್ಕು ಎಲ್ಲರದೂ ಹೌದು, ಅದನ್ನು ಬಳಸದಿದ್ದರೆ ಅದು ಬೇರೆಯವರ ಪಾಲಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆಯ ಬೇರು ನನ್ನ ವಿದ್ಯಾರ್ಥಿ ದಿನಗಳ ಚರ್ಚಾ ಸ್ಪರ್ಧೆಗಳಲ್ಲಿದೆ. ಆಗ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದೆ. ನರ್ಸ್ ಆಗಿದ್ದ ಅಮ್ಮ ಡ್ಯೂಟಿ ಮುಗಿಸಿ ಬಂದು, ಒಗ್ಗರಣೆ ಹಾಕುತ್ತಲೇ ಕೈಗಡಿಯಾರ ನೋಡಿ, ಸ್ಟೀಲ್ ಲೋಟಕ್ಕೆ ಚಮಚದಿಂದ ಬಾರಿಸುತ್ತಿದ್ದಳು. ನಾಲ್ಕನೆಯ ನಿಮಿಷಕ್ಕೆ ಒಂದು ಪೆಟ್ಟು, ಐದನೆಯದಕ್ಕೆ ಎರಡು. ಎರಡು ಪೆಟ್ಟು ಬಿದ್ದ ಮೇಲೆ ಒಂದಕ್ಷರ ಆಡಿದರೂ ಸ್ಪರ್ಧೆಯಲ್ಲಿ ಅಂಕ ಹೋಗುತ್ತಿತ್ತು. ಹೀಗಾಗಿ ಆ ಸದ್ದು ಕೇಳಿದರೆ ವಾಕ್ಯದ ನಡುವೆಯೇ ನಿಂತುಬಿಡುವುದು ನನ್ನ ಮೈಗೆ ಹತ್ತಿದ ಅಭ್ಯಾಸವಾಯಿತು.

ಅಮ್ಮ ಈಗ ನಿವೃತ್ತಳು. ಅವಳಿಗೊಬ್ಬ ಗೆಳತಿ ಇದ್ದಾರೆ. ಔರಾದ್ ತಾಲ್ಲೂಕಿನ ಎಕಂಬಾದ ಮೆಥಡಿಸ್ಟ್ ಕುಟುಂಬದ ಹುಡುಗಿಯಾಗಿ ಬೆಂಗಳೂರಿಗೆ ನರ್ಸಿಂಗ್ ಕಲಿಯಲು ಬಂದವರು, ಮೂರು ವರ್ಷ ಅಮ್ಮನ ಪಕ್ಕದ ಮಂಚದಲ್ಲಿ ಮಲಗಿದವರು. ತರಬೇತಿ ಮುಗಿದ ದಿನ ಬಸ್ ನಿಲ್ದಾಣದಲ್ಲಿ ಬೇರೆಯಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಮೊದಲು ಪತ್ರ, ಆಮೇಲೆ ಫೋನು. ಇಷ್ಟರಲ್ಲೇ ಇಬ್ಬರ ತಲೆಯೂ ನೆರೆದಿತ್ತು. ದಸರಾ ರಜೆಯಲ್ಲಿ ಅಮ್ಮನನ್ನು ಬೀದರಿಗೆ ಕರೆದೊಯ್ಯುವುದೆಂದು ನಾನು ನಿಶ್ಚಯಿಸಿದೆ. ಟಿಕೆಟ್ ತೆಗೆಸಿದ ಮೇಲೆ ತಿಳಿಯಿತು: ಗೆಳತಿಯ ಮಗಳಿಗೆ ದಿನ ತುಂಬಿದ್ದು, ನಾವು ಇಳಿಯುವ ದಿನವೇ ಅವರು ಹೈದರಾಬಾದಿನ ರೈಲು ಹತ್ತಬೇಕಿತ್ತು. ಆಗ ಅವರು ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿದ್ದರು. “ಐದಕ್ಕ ಇಳೀತೀರಿ, ಆರರೊಳಗ ಭಾಲ್ಕಿಗಿ ಬರ್ತೀರಿ. ಒಂದು ತಾಸು ಮನ್ಯಾಗ ಕೂತು ಮಾತಾಡೂಣು. ಏಳಕ್ಕ ನನ್ನ ಗಾಡಿ,” ಎಂದು ಫೋನಿನಲ್ಲಿ ಲೆಕ್ಕ ಒಪ್ಪಿಸಿದ್ದರು. ಅಮ್ಮನ ಪಾಲಿಗೆ ಇಡೀ ರಜೆ ಆ ಒಂದು ತಾಸಿನಲ್ಲಿತ್ತು. ಕೋಟೆ, ಗುಂಬಜ್ ಎಲ್ಲ ನನ್ನ ಆಸೆಗಳು.

ವಿಮಾನ ಬೆಂಗಳೂರಿನಲ್ಲೇ ತಡವಾಯಿತು. ಅಮ್ಮನಿಗೆ ಅದು ಮೊದಲ ವಿಮಾನಯಾನ. ನೆಲ ಬಿಟ್ಟು ಮೇಲೇರುವಾಗ ಅವಳು ತನ್ನ ನಾಡಿಯನ್ನು ತಾನೇ ಹಿಡಿದು, ಗಡಿಯಾರ ನೋಡಿ ಎಣಿಸಿ, “ತೊಂಬತ್ತಾರು. ಮೊದಲನೇ ಸಲಕ್ಕೆ ಪರವಾಗಿಲ್ಲ,” ಎಂದು ತೀರ್ಪು ಕೊಟ್ಟಳು. ಬೀದರ್ ಹತ್ತಿರವಾದಾಗ ಸೂರ್ಯ ರೆಕ್ಕೆಯ ಅಂಚಿನಲ್ಲಿದ್ದ. ಕೆಳಗೆ ಕೆಂಪು ನೆಲ, ಅದರ ಮೇಲೆ ಹಸಿರು ತೊಗರಿಯ ಚೌಕಗಳು, ಬೆಳಕು ಬಿದ್ದ ಕಡೆ ಕೆಂಪು ಇನ್ನೂ ಕೆಂಪಾಗಿ, ಯಾರೋ ಆಗತಾನೇ ಸಾರಿಸಿ ಒಣಗಲು ಬಿಟ್ಟ ಅಂಗಳದಂತೆ. ಅಮ್ಮ ಕಿಟಕಿಗೆ ಹಣೆ ಒತ್ತಿ, “ಅವಳು ಈ ಮಣ್ಣಿನ ಬಗ್ಗೆ ಹೇಳಿದಾಗಲೆಲ್ಲ ನಾವು ನಗ್ತಿದ್ವಿ ಕಣೋ. ನಿಜವಾಗ್ಲೂ ಇಷ್ಟು ಕೆಂಪೇ!” ಎಂದಳು. ನಾನು ಮಣ್ಣನ್ನು ನೋಡಲಿಲ್ಲ, ಗಡಿಯಾರವನ್ನು ನೋಡಿದೆ. ಆರೂ ಇಪ್ಪತ್ತು.

ಚಿಕ್ಕ ನಿಲ್ದಾಣ. ಹೊರಬರುತ್ತಲೇ ಅಮ್ಮನ ಫೋನ್ ತೆಗೆದುಕೊಂಡು ಗೆಳತಿಯೊಂದಿಗೆ ನಾನೇ ಮಾತನಾಡಿದೆ. 

“ತಮ್ಮಾ, ಇಳದ್ರ್ಯಾ? ಛಲೋ ಆತು. ಈಗ ನೀವು ಭಾಲ್ಕಿಗಿ ಬರೂದು…”

“ಬಂದೇ ಬರುತ್ತೇವೆ ಆಂಟಿ. ಏನೂ ಯೋಚನೆ ಮಾಡಬೇಡಿ,” ಎಂದು ಫೋನ್ ಇಟ್ಟೆ. ಸಮಯ ಉಳಿಸಿದೆನೆಂಬ ತೃಪ್ತಿ ನನಗೆ.

ಹೊರಗೆ ನಿಂತಿದ್ದ ಬಾಡಿಗೆ ಕಾರಿನವರು ಐವತ್ತರ ಆಸುಪಾಸಿನವರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಮಾತಿನಲ್ಲಿ ಕನ್ನಡಕ್ಕೆ ಬೆರೆತ ದಖನಿ ಉರ್ದು. 

“ಎಲ್ಲಿಗ್ರಿ ಸಾಬ್?”

“ಭಾಲ್ಕಿ ರೈಲು ನಿಲ್ದಾಣ. ನಮ್ಮವರೊಬ್ಬರು ಏಳು ಗಂಟೆಯ ಹೈದರಾಬಾದ್ ರೈಲು ಹತ್ತುತ್ತಾರೆ, ಅಷ್ಟರಲ್ಲಿ ಅವರನ್ನು ನೋಡಬೇಕು.”

“ಹೈದರಾಬಾದ್ ಗಾಡಿಗೇನ್ರಿ? ಅದಕ್ಕ ಭಾಲ್ಕಿತನಕ ಯಾಕ…”

“ಯಾಕೆಂಬುದನ್ನು ದಾರಿಯಲ್ಲಿ ವಿವರಿಸುತ್ತೇನೆ. ಮೊದಲು ಹೊರಡಿ.”

ಹೊರಟೆವು. ಊರು ದಾಟುವ ಮೊದಲೇ ನಾನು ನನ್ನ ನಿಲುವನ್ನು ಸ್ಪಷ್ಟಪಡಿಸಿದೆ: ವೇಗದ ಮಿತಿ ಮೀರಬಾರದು, ತಿರುವಿನಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕಬಾರದು, ಚಾಲನೆ ಮಾಡುತ್ತಾ ಫೋನಿನಲ್ಲಿ ಮಾತನಾಡಬಾರದು, ಆದರೆ ಏಳಕ್ಕೆ ಮುಂಚೆ ತಲುಪಲೇಬೇಕು.

“ಹಂಗಾದ್ರ ನೀವು ಇಮಾನದಾಗಿಂದ ಇಳಿಬಾರದಿತ್ತರಿ ಸಾಬ್,” ಎಂದರು ಅವರು. ಅಮ್ಮ ಹಿಂದಿನ ಸೀಟಿನಲ್ಲಿ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ.

“ನೋಡಿ, ರಸ್ತೆ ಸುರಕ್ಷತೆ ಹಾಸ್ಯದ ವಿಷಯವಲ್ಲ.”

“ಅಲ್ಲರಿ, ಜರಾ ಕೇಳ್ರಿ. ಆ ಗಾಡಿ ಅದ ಅಲ್ಲ, ಅದು…”

“ಅದು ಲೇಟಾಗಿ ಬರುತ್ತದೆ ಎನ್ನುತ್ತೀರಿ. ಎಲ್ಲರೂ ಹಾಗೆ ನಂಬಿ ಕುಳಿತರೆ ರೈಲುಗಳು ಎಂದಾದರೂ ಸಮಯಕ್ಕೆ ಬಂದಾವೇ?”

ಅಲ್ಲಿಂದ ನನ್ನ ವಾದಸರಣಿ ತಡೆಯಿಲ್ಲದೆ ಹರಿಯಿತು. ನಾಗರಿಕರ ಸಹನೆಯೇ ವ್ಯವಸ್ಥೆಯ ಸೋಮಾರಿತನಕ್ಕೆ ಕಾರಣವೆಂದೆ. ಪ್ರಯಾಣಿಕರಿಗೆ ತಮ್ಮ ಹಕ್ಕು ಕೇಳುವ ಧೈರ್ಯ ಬರಬೇಕೆಂದೆ. ಅವರು ಮತ್ತೊಮ್ಮೆ “ಸಾಬ್, ನಾ ಏನ್ ಹೇಳ್ಲತ್ತೀನಿ ಅಂದ್ರ…” ಎಂದಾಗ, “ನಿಮ್ಮ ಅಭಿಪ್ರಾಯವನ್ನು ಗೌರವಿಸುತ್ತೇನೆ, ಆದರೆ,” ಎಂದು ಎರಡನೆಯ ಭಾಗಕ್ಕೆ ತೊಡಗಿದೆ. ಮನೆಗಳು ವಿರಳವಾಗಿ ಎರಡೂ ಕಡೆ ಹೊಲಗಳು ಬಂದವು. ಎತ್ತಿನ ಬಂಡಿಯೊಂದು ಕಾರಿಗಿಂತ ಗಂಭೀರವಾಗಿ ದಾರಿ ಬಿಟ್ಟಿತು.

ಆಗ ಆ ಸದ್ದು ಬಿತ್ತು. ಟಿಣ್, ಟಿಣ್.

ನನ್ನ ಮಾತು ‘ಪ್ರಜಾಪ್ರಭುತ್ವದಲ್ಲಿ’ ಎಂಬಲ್ಲಿಗೆ ನಿಂತಿತು. ತಿರುಗಿ ನೋಡಿದರೆ ಅಮ್ಮ ನೀರಿನ ಬಾಟಲಿಯ ಜೊತೆ ತಂದಿದ್ದ ಸ್ಟೀಲ್ ಲೋಟವನ್ನು ಒಂದು ಕೈಯಲ್ಲಿ, ಮನೆಯ ಬೀಗದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದಳು.

“ಟೈಮಾಯ್ತು. ಪಾಪ, ಅವರು ಬಾಯಿ ತೆಗೆಯೋದು, ಮುಚ್ಚೋದು ಆ ಕನ್ನಡೀಲಿ ಕಾಣ್ತಾನೇ ಇದೆ. ನೀವು ಹೇಳಿಪ್ಪಾ.”

ಅವರು ಕಾರನ್ನು ಬದಿಗೆ ನಿಲ್ಲಿಸಿದರು. “ಅಮ್ಮಾ, ಭಾಲ್ಕಿಂದ ಹೈದರಾಬಾದಿಗಿ ಹೋಗೋ ಗಾಡಿ ನಮ್ಮ ಬೀದರ್ ಮ್ಯಾಲಿಂದೇ ಹೋಗ್ತದರಿ. ಅಲ್ಲಿ ಬಿಟ್ಟು ಮುಕ್ಕಾಲು ತಾಸಿನ್ಯಾಗ ಇಲ್ಲಿ ಬರ್ತದ, ನಿಲ್ತದ. ನಾವು ಹಿಂಗೇ ಹೋದ್ರ ಭಾಲ್ಕಿದಾಗ ಖಾಲಿ ಪ್ಲಾಟ್‌ಫಾರ್ಮ್ ನೋಡ್ತೀವಿ, ಅವರು ಬೀದರದಾಗ ನಿಮಗ ಹುಡುಕ್ತಾರ.”

ನಾನು ರಸ್ತೆಯ ದೂರ ನೋಡಿದ್ದೆ, ಬಸ್ಸಿನ ವೇಳೆ ನೋಡಿದ್ದೆ, ರೈಲು ಯಾವ ದಾರಿಯಲ್ಲಿ ಹೋಗುತ್ತದೆಂದು ನೋಡಿರಲಿಲ್ಲ.

“ಇದನ್ನು ಮೊದಲೇ ಏಕೆ ಹೇಳಲಿಲ್ಲ ನೀವು?” ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಮೂರು ಸಲ ಶುರು ಮಾಡೀನ್ರಿ ಸಾಬ್. ಮೂರೂ ಸಲ ನೀವೇ ಮುಗಿಸೀರಿ.”

ನಗತೊಡಗಿದ ಅಮ್ಮ ಕಾರು ತಿರುಗುವವರೆಗೂ ನಿಲ್ಲಿಸಲಿಲ್ಲ. ಆಮೇಲೆ ಗೆಳತಿಗೆ ತಾನೇ ಫೋನ್ ಮಾಡಿದಳು. ಆ ಕಡೆಯ ದನಿ ಕಾರಿನ ತುಂಬ ಕೇಳುವಷ್ಟು ಗಟ್ಟಿಯಾಗಿತ್ತು: “ಭಾಲ್ಕಿಗಿ ಬರೂದು ಬ್ಯಾಡ, ಬೀದರ್ ಸ್ಟೇಷನ್ನಾಗೇ ನಿಂದರ್ರಿ ಅಂತ ಹೇಳ್ಬೇಕಂದ್ರ ನಿನ್ನ ಮಗ ಫೋನ್ ಇಟ್ಟೇಬಿಟ್ಟ! ಅಂವ ಏನು ಕಲಿಸ್ತಾನಂದಿ ಕಾಲೇಜಿನ್ಯಾಗ?”

“ಮಾತಾಡೋದು,” ಎಂದಳು ಅಮ್ಮ.

ಬೀದರ್ ನಿಲ್ದಾಣಕ್ಕೆ ಮರಳಿದಾಗ ರೈಲಿಗೆ ಇನ್ನೂ ಅರ್ಧ ತಾಸಿತ್ತು. ಕಾರಿನವರು ಹೋಗಬಹುದಿತ್ತು, ಹೋಗಲಿಲ್ಲ. “ಇಷ್ಟು ತಕರಾರು ಕೇಳೀನಿ, ಆಖರಿಗೆ ಏನಾಗ್ತದ ನೋಡದೇ ಹ್ಯಾಂಗ ಹೋಗಲಿ?” ಎಂದು ನಮ್ಮ ಜೊತೆ ಚಹಾ ಕುಡಿದರು. ಕಮಠಾಣದವರು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವರ ಊರಿನ ಬಗ್ಗೆ, ಕಬ್ಬಿನ ಬಗ್ಗೆ, ಬಿದ್ರಿ ಪಾತ್ರೆಗೆ ಬೆಳ್ಳಿ ಕೂರಿಸುತ್ತಿದ್ದ ಅಜ್ಜನ ಬಗ್ಗೆ ಹೇಳಿದರು. ನಾನು ಕೇಳಿದೆ. ಅಮ್ಮ ಲೋಟವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ರೈಲು ಬಂತು. ಬೋಗಿಯ ಬಾಗಿಲಲ್ಲಿ ದಪ್ಪನೆಯ ಹೆಂಗಸೊಬ್ಬರು, ರೈಲು ನಿಲ್ಲುವ ಮೊದಲೇ ಕೈ ಬೀಸುತ್ತಾ, ಸಿಕ್ಕ ಸಿಕ್ಕವರಿಗೆಲ್ಲ “ಸರೀರಿ, ಸರೀರಿ, ನಮ್ಮಾಕಿ ಬಂದಾಳ” ಎನ್ನುತ್ತಿದ್ದರು.

“ಏನೇ ಇದು, ಇಷ್ಟು ಊದಿದ್ದೀಯ!” ಎಂದಳು ಅಮ್ಮ.

“ನೀ ಯಾಕ ಗೆಳತಿ ಇಷ್ಟು ಒಣಗೀದಿ? ಮಗ ಮಾತಷ್ಟೇ ಹಾಕ್ತಾನೋ, ಊಟ ಹಾಕೂದಿಲ್ಲೋ?”

ಅಪ್ಪಿಕೊಳ್ಳುತ್ತಾರೆಂದು ನಾನು ಕಾಯುತ್ತಿದ್ದೆ. ಅಪ್ಪಿಕೊಳ್ಳಲಿಲ್ಲ. ಗೆಳತಿ ಅಮ್ಮನ ಬಲ ಮಣಿಕಟ್ಟು ಹಿಡಿದು ಮೂರು ಬೆರಳಿಟ್ಟರು, ಎಡಗೈಯ ಗಡಿಯಾರ ನೋಡಿದರು. ಅಮ್ಮ ಏನೂ ಕೇಳದೆ ಅವರ ಇನ್ನೊಂದು ಕೈಯ ನಾಡಿ ಹಿಡಿದಳು. ತರಬೇತಿಯ ದಿನಗಳಲ್ಲಿ ವಾರ್ಡಿಗೆ ಇಳಿಯುವ ಮುಂಚೆ ದಿನವೂ ಅವರು ಒಬ್ಬರ ಮೇಲೊಬ್ಬರು ಹೀಗೆ ಅಭ್ಯಾಸ ಮಾಡುತ್ತಿದ್ದರಂತೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದನ್ನು ಅವರ ಕಾಲದ ಟ್ಯೂಟರ್ ಒಪ್ಪುತ್ತಿರಲಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಅದರ ನಡುವೆ ಮಾತಾಡುವಂತಿಲ್ಲ. ರೈಲು ನಿಲ್ಲುವುದೇ ನಾಲ್ಕಾರು ನಿಮಿಷ. ನಲವತ್ತು ವರ್ಷದ ಮಾತು ಬಾಕಿ ಇರುವಾಗ ಇವರು ಮೌನವಾಗಿ ಎಣಿಸುತ್ತಿದ್ದಾರಲ್ಲ ಎಂದು ಎಚ್ಚರಿಸಲು ಬಾಯಿ ತೆರೆದೆ. ಕಾರಿನವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ಮುಚ್ಚಿದೆ. ಆ ಒಂದು ನಿಮಿಷದಲ್ಲಿ ಇಬ್ಬರ ಕಣ್ಣೂ ತುಂಬಿ ಬಂದವು, ಇಬ್ಬರ ತುಟಿಯೂ ಎಣಿಕೆ ಬಿಡಲಿಲ್ಲ.

“ಎಂಬತ್ತೆಂಟು. ಓಡಿ ಬಂದಿಯೇನು?”

“ನಿಂದು ತೊಂಬತ್ತು. ನೀನು ಕೂತ್ಕೊಂಡೇ ಬಂದೆಯಲ್ಲೇ!”

ಆಮೇಲೆ ಇಬ್ಬರೂ ಒಟ್ಟಿಗೆ ಮಾತನಾಡಿದರು, ಒಬ್ಬರ ವಾಕ್ಯದ ಮೇಲೆ ಇನ್ನೊಬ್ಬರು ಹತ್ತಿ. ಅದಕ್ಕೆ ಯಾವ ಲೋಟದ ಪೆಟ್ಟೂ ಬೇಕಿರಲಿಲ್ಲ. ನಮ್ಮ ನಿಪ್ಪಟ್ಟಿನ ಡಬ್ಬಿ ರೈಲು ಹತ್ತಿತು, ಅವರ ಶೇಂಗಾ ಹೋಳಿಗೆಯ ಡಬ್ಬಿ ಇಳಿಯಿತು. ರೈಲು ಕದಲಿದಾಗ ಗೆಳತಿ ಕಿಟಕಿಯಿಂದ ಕೂಗಿದರು: “ನಾಳಿ ಎಕಂಬಾಕ್ಕ ಹೋಗ್ರಿ! ನಮ್ಮ ತಮ್ಮ ಇರ್ತಾನ, ಚರ್ಚಿನ ಬಾಜೂಕೇ ಮನಿ!”

ಹೋದೆವು, ಅದೇ ಕಾರಿನಲ್ಲಿ. ಜನವಾಡ ದಾಟಿ, ಔರಾದಿನಲ್ಲಿ ಚಹಾ ಕುಡಿದು ಎಕಂಬಾ ಸೇರಿದಾಗ ಗೆಳತಿಯ ತಮ್ಮ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿಸಿ ಕಾಯುತ್ತಿದ್ದರು. ಊಟವಾದ ಮೇಲೆ ಚರ್ಚಿನ ಅಂಗಳದಲ್ಲಿ ನೆರೆಯವರು ಹತ್ತಾರು ಮಂದಿ ಸೇರಿದರು. “ಪ್ರೊಫೆಸರ್ ಬಂದಾರ, ಎರಡು ಮಾತು ಹೇಳ್ರಿ ಸರ್,” ಎಂದರು. ಅಮ್ಮ ಲೋಟ ತೆಗೆದಳು. ನಾನು ಮೂರೇ ನಿಮಿಷ ಮಾತನಾಡಿ, ಒಂದು ಪ್ರಶ್ನೆ ಕೇಳಿ ಕೂತೆ: ನಿಮ್ಮ ಊರಿನ ಸಭೆಯಲ್ಲಿ ನೀವೇಕೆ ಮಾತನಾಡುವುದಿಲ್ಲ?

ತುಂಬ ಹೊತ್ತು ಯಾರೂ ಉಸಿರೆತ್ತಲಿಲ್ಲ. ಹಳೆಯ ನಾನಾಗಿದ್ದರೆ ಆ ಮೌನವನ್ನು ಅಂಜಿಕೆಯೆಂದು ತಿಳಿದು ನಾನೇ ತುಂಬಿಸುತ್ತಿದ್ದೆ. ಕಾದೆ. ಕಂಬಕ್ಕೆ ಒರಗಿದ್ದ ಮುದುಕಿಯೊಬ್ಬರು ಕೊನೆಗೆ ಹೇಳಿದರು:

“ನಮಗ ಮಾತ ಬರ್ತದರಿ ಸರ್. ಮೊದಲ ಎದ್ದವರು ಮುಗಿಸೂದೇ ಇಲ್ಲ. ನಮ್ಮ ಪಾಳಿ ಬರೂದ್ರಾಗ ಎಲ್ಲಾರೂ ಚಾ ಕುಡದು ಎದ್ದು ಹೋಗಿರ್ತಾರ.”

ಇಷ್ಟು ವರ್ಷ ನಾನು ಕಲಿಸಿದ್ದು ಅರ್ಧ ಪಾಠ. ಎದ್ದು ನಿಲ್ಲುವುದನ್ನು ಕಲಿಸಿದೆ, ಕುಳಿತುಕೊಳ್ಳುವುದನ್ನು ಕಲಿಸಲಿಲ್ಲ. ನಾವು ಇನ್ನೂ ಅಂಗಳದಲ್ಲಿದ್ದಾಗಲೇ ಹೈದರಾಬಾದಿನಿಂದ ಫೋನ್ ಬಂತು: ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಅಮ್ಮ ಕೇಳಿದ ಮೊದಲ ಪ್ರಶ್ನೆ, “ಮಗುವಿನ ನಾಡಿ ಎಷ್ಟು?” ಆ ಕಡೆಯಿಂದ ಅಂಕಿ ಬಂದಾಗ ಇಡೀ ಅಂಗಳ ಏಕೆಂದು ತಿಳಿಯದೆಯೂ ಚಪ್ಪಾಳೆ ತಟ್ಟಿತು. ಕಾರಿನವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಈಗ ನನ್ನ ಭಾನುವಾರದ ಚೀಲದಲ್ಲಿ ಆ ಲೋಟವೂ ಒಂದು ಚಮಚವೂ ಇರುತ್ತವೆ. ನಿಮ್ಮಲ್ಲಿಯೂ ಇಷ್ಟನ್ನೇ ಕೇಳಿಕೊಳ್ಳುತ್ತೇನೆ: ನೀವು ಮುಂದೆ ಹೋಗುವ ಸಭೆಗೆ, ಅದು ಗ್ರಾಮಸಭೆಯಾಗಲಿ, ಸಂಘದ ಕೂಟವಾಗಲಿ, ಮನೆಯವರೆಲ್ಲ ಕೂತು ಮಗಳ ಮದುವೆಯ ಮಾತಾಡುವುದಾಗಲಿ, ಒಂದು ಸ್ಟೀಲ್ ಲೋಟವನ್ನೂ ಚಮಚವನ್ನೂ ತೆಗೆದುಕೊಂಡು ಹೋಗಿ. ಅವನ್ನು ಅಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡುವವರ ಕೈಗೆ ಕೊಡಿ.