ಅಪ್ಪ ನನ್ನ ಹಿಂದೆ ಕೂರುವಂತಿರಲಿಲ್ಲ

ಕಳೆದ ಭಾನುವಾರ ಬೆಳಗ್ಗೆ ಬೈಕು ತೊಳೆಯುತ್ತಿದ್ದೆ. ಹಿಂದಿನ ನಂಬರ್ ಪ್ಲೇಟಿನ ಮೂಲೆಯಲ್ಲಿ ಉಗುರಿನಿಂದ ಕೆರೆದರೂ ಹೋಗದ ಒಂದಿಷ್ಟು ಅಂಟು ಉಳಿದಿದೆ. ಎರಡು ವರ್ಷದ ಹಿಂದೆ ಅಲ್ಲಿ ಕೆಂಪು ಬಣ್ಣದ ಎಲ್ ಅಕ್ಷರ ಇತ್ತು. ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ ಎನ್ನುತ್ತಾರೆ. ಹಚ್ಚಿಲ್ಲ. ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹಾಗೆ ಕೂತವಳಿಗೆ ಇಡೀ ಆ ಒಂದು ತಿಂಗಳು ನೆನಪಾಯಿತು. ನಿಮಗೆ ಹೇಳಿಬಿಡುತ್ತೇನೆ.

ನಾನು ಹಿರಿಯೂರಿನ ಹತ್ತಿರದ ಒಂದು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಅಪ್ಪ ಕುರಿ ಕಾಯುತ್ತಿದ್ದವರು. ಕುರಿಗೆ ಸೂಜಿ ಹಾಕುವ ಕೆಲಸ ನನಗೆ ಸಿಕ್ಕಾಗ ಅವರಿಗೆ ಎಷ್ಟು ಖುಷಿಯಾಗಿತ್ತೆಂದರೆ, ಊರಿಗೆಲ್ಲ ಮಗಳೇ ದೊಡ್ಡ ಡಾಕ್ಟರು ಎಂದು ಹೇಳಿಕೊಂಡು ಬಂದಿದ್ದರು. ಅದನ್ನು ಸರಿಪಡಿಸಲು ನನಗೆ ಮೂರು ವರ್ಷ ಹಿಡಿಯಿತು. ಕಾಲು ಸೋತ ಮೇಲೆ ಅಪ್ಪ ತಮ್ಮ ಮಂದೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಹಿರಿಯೂರಿಗೆ ನಮ್ಮ ಮನೆಗೆ ಬಂದರು.

ಆ ಹೊತ್ತಿಗೆ ನಾನು ಕಾರು ತೆಗೆದುಕೊಂಡು, ಕಲಿತು, ಹನ್ನೊಂದು ವರ್ಷವಾಗಿತ್ತು. ನಮ್ಮ ವಂಶದಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ನಾನು ಎಂಬ ಜಂಬ ಬೇರೆ. ಆದರೆ ಆ ಕಾರು ಅಪ್ಪನಿಗೆ ಆಗುತ್ತಿರಲಿಲ್ಲ. ಬಾಗಿಲು ಹಾಕಿದರೆ ಸಾಕು, ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ಮೈಲಿ ಹೋಗುವಷ್ಟರಲ್ಲಿ ವಾಂತಿ. ಕಿಟಕಿ ಇಳಿಸಿದರೂ ಅಷ್ಟೇ. "ಡಬ್ಬದಾಗೆ ಹಾಕಿದಂಗ್ ಆಗ್ತೈತವ್ವ. ನಾನು ಬಯಲಾಗೆ ಬೆಳೆದೋನು," ಎನ್ನುತ್ತಿದ್ದರು. ಬಸ್ಸೂ ಹಾಗೆಯೇ. ಅವರಿಗೆ ಒಗ್ಗುತ್ತಿದ್ದುದು ಬೈಕು ಮಾತ್ರ. ನನ್ನ ತಮ್ಮ ತನ್ನ ಬೈಕಿನಲ್ಲಿ ಅವರನ್ನು ವಾರಕ್ಕೊಮ್ಮೆ ಆದಿವಾಲದ ಕಡೆ, ಚಿಕ್ಕಪ್ಪ ಮಂದೆ ನಿಲ್ಲಿಸಿರುತ್ತಿದ್ದ ಹೊಲಗಳಿಗೆ ಕರೆದುಕೊಂಡು ಹೋಗುತ್ತಿದ್ದ. ಅವನು ಬೋರ್‌ವೆಲ್ ಲಾರಿಯ ಕೆಲಸಕ್ಕೆ ಉತ್ತರದ ಕಡೆ ಹೋದ ಮೇಲೆ ಬೈಕು ನಮ್ಮ ಮನೆ ಮುಂದೆ ಸುಮ್ಮನೆ ನಿಂತಿತು. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಸೈಕಲ್ಲಿಗಿಂತ ವೇಗವಾದ ಯಾವುದನ್ನೂ ಅವರು ನಂಬುವುದಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಚಿತ್ರದುರ್ಗಕ್ಕೆ ಕಾರಿನಲ್ಲಿ ಮೂರು ಸಲ ಕರೆದುಕೊಂಡು ಹೋದೆ. ಮೂರು ಸಲವೂ ದಾರಿಯುದ್ದಕ್ಕೂ ಅವರು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದರು. ಮೂರನೇ ಸಲ ವೈದ್ಯರು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ, ಅವರಿಗೆ ಏನು ಇಷ್ಟವೋ ಅದನ್ನು ಮಾಡಿ ಎಂದರು. ವಾಪಸ್ಸು ಬರುವಾಗ ನಾನು, "ನಿಂಗೆ ಏನಿಷ್ಟ ಅಪ್ಪ?" ಎಂದು ಕೇಳಿದೆ. ಅವರು ಚೀಲ ಮಡಿಚುತ್ತ, "ಒಂದ್ಸಲ ಮಂದೆ ನೋಡ್ಬೇಕು. ಬೈಕ್‌ನಾಗೆ ಕರ್ಕೊಂಡು ಹೋಗು," ಎಂದರು.

ಆಟೋದಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಟೋ ಟಾರು ರಸ್ತೆಯವರೆಗೆ ಹೋಗುತ್ತದೆ. ಅಲ್ಲಿಂದ ಕಲ್ಲುದಾರಿಯಲ್ಲಿ ಎರಡು ಮೈಲಿ, ಬೈಕು ಬಿಟ್ಟರೆ ಕಾಲೇ ಗತಿ. ನಡೆಯುವ ಶಕ್ತಿ ಅವರಿಗಿರಲಿಲ್ಲ. ಪಕ್ಕದ ಮನೆಯವರಿಗೆ ಹೇಳಲೇ ಎಂದೆ. ಅಪ್ಪ ಒಪ್ಪಲಿಲ್ಲ. "ಮಂದಿ ಹಿಂದೆ ಕುಂತ್ರೆ ಸೊಂಟ ಹಿಡ್ಕಳ್ಳಾಕೆ ನಾಚ್ಕೆ ಆಗ್ತೈತೆ," ಎಂದರು.

ಹಾಗಾಗಿ ನಲವತ್ನಾಲ್ಕನೇ ವಯಸ್ಸಿಗೆ ನಾನು ಬೈಕು ಕಲಿಯಲು ಹೊರಟೆ. ಕಾರಿನ ಲೈಸೆನ್ಸ್ ಇದೆಯಲ್ಲ, ಒಂದು ಅರ್ಜಿ ಬರೆದುಕೊಟ್ಟರೆ ಬೈಕನ್ನೂ ಸೇರಿಸಿಕೊಡುತ್ತಾರೆ ಎಂದು ನಂಬಿದ್ದೆ. ಚಿತ್ರದುರ್ಗದ ಆರ್‌ಟಿಓ ಕಚೇರಿಯಲ್ಲಿ ಕನ್ನಡಕ ಹಾಕಿಕೊಂಡಿದ್ದ ಗುಮಾಸ್ತರು ನನ್ನ ಕಾರ್ಡನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು.

"ಇದು ಕಾರಿಗೆ ಮಾತ್ರ ಮೇಡಂ. ಗೇರ್ ಬೈಕಿಗೆ ಮತ್ತೆ ಎಲ್‌ಎಲ್‌ಆರ್, ಅಂದ್ರೆ ಕಲಿಯೋರ ಲೈಸೆನ್ಸ್, ಮಾಡಿಸ್ಬೇಕು. ಮೂವತ್ತು ದಿನ ಆದ್ಮೇಲೆ ಟೆಸ್ಟು."

"ಹನ್ನೊಂದು ವರ್ಷದಿಂದ ಓಡಿಸ್ತಿದೀನಿ ಸರ್. ರಸ್ತೆ ರೂಲ್ಸ್ ಎಲ್ಲ ಗೊತ್ತು."

"ಗೊತ್ತಿರಬೌದು. ಕಾರು ನಿಂತಾಗ ಬೀಳಲ್ಲ, ಬೈಕು ಬೀಳ್ತೈತೆ. ಅದಕ್ಕೇ ಬೇರೆ."

ಕಲಿಯುವ ಅವಧಿಯಲ್ಲಿ ಮುಂದೆ ಹಿಂದೆ ಎಲ್ ಅಂಟಿಸಬೇಕು, ಹೆಲ್ಮೆಟ್ ಹಾಕಬೇಕು, ಹಿಂದೆ ಯಾರನ್ನೂ ಕೂರಿಸಬಾರದು, ಕಲಿಸುವವರು ಮಾತ್ರ ಕೂರಬಹುದು, ಅವರಿಗೂ ಬೈಕಿನ ಲೈಸೆನ್ಸ್ ಇರಬೇಕು. ಇಷ್ಟನ್ನೂ ಅವರು ತಾಳ್ಮೆಯಿಂದ ಹೇಳಿದರು.

ಕಲಿಸಿದವರು ನಮ್ಮ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಓಬಳೇಶಪ್ಪ, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಸಂಜೆ ಹೊತ್ತು ಪಾಠ. ಕಾರು ಕಲಿತ ಮೈ ಬೈಕಿಗೆ ಬಗ್ಗುವುದಿಲ್ಲ ನೋಡಿ. ಎಡಗಾಲು ಕ್ಲಚ್ ಹುಡುಕುತ್ತ ಗೇರ್ ತುಳಿಯುತ್ತಿತ್ತು. ನಿಲ್ಲಿಸಿದ ಮೇಲೆ ಕಾಲು ಕೆಳಗಿಡಬೇಕು ಎಂಬುದೇ ಮರೆತು ಮೂರು ಸಲ ನಿಂತಲ್ಲೇ ಉರುಳಿದೆ. ಚಿಕಿತ್ಸೆಗೆ ಬಂದಿದ್ದ ಎಮ್ಮೆಯೊಂದು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ಮನೆಗೆ ಬಂದು ಮೊಣಕೈಗೆ ಅರಿಶಿನ ಹಚ್ಚಿಕೊಳ್ಳುವಾಗ ಅಪ್ಪ ಕೇಳುತ್ತಿದ್ದರು, "ಇವತ್ತೆಷ್ಟ್ ಸಲ?" "ಒಂದೇ," ಎನ್ನುತ್ತಿದ್ದೆ. ನಗುತ್ತಿದ್ದರು. ಮಲಗಿದ ಕಡೆಯಿಂದಲೇ ಕ್ಯಾಲೆಂಡರಿನ ದಿನಗಳನ್ನು ಎಣಿಸುತ್ತಿದ್ದರು.

ಹನ್ನೆರಡನೇ ದಿನವೋ ಹದಿಮೂರನೇ ದಿನವೋ, ಅವರಿಗೆ ಮೈ ಸ್ವಲ್ಪ ಹಗುರಾಗಿತ್ತು. ಗಂಜಿ ಪೂರ್ತಿ ಕುಡಿದು ಎದ್ದು ಕೂತರು. ತಲೆಗೆ ಟವಲ್ ಸುತ್ತಿಕೊಂಡು ಬಾಗಿಲಿಗೆ ಬಂದರು.

"ಇವತ್ತು ಹೋಗಾಣ ಕಣವ್ವ. ನೀನೀಗ ಓಡ್ಸ್ತೀಯಲ್ಲ."

"ಇನ್ನೂ ಎಲ್ ಐತಪ್ಪ. ನಿನ್ನ ಕೂರಿಸ್ಕೊಂಡ್ರೆ ರೂಲ್ಸಿಗೆ ವಿರುದ್ಧ."

"ಓಬಳೇಶಪ್ಪ ಕುಂತ್ಕಂತಾನಲ್ಲ."

"ಅವ್ರು ಕಲಿಸೋರು."

ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ, "ಅವನಿಗಿಂತ ನಾನು ನಿಂಗೆ ಜಾಸ್ತಿ ಕಲಿಸೀನಿ," ಎಂದರು. ಕೋಪದಿಂದ ಹೇಳಿದ್ದಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದ್ದು.

ನಾನು ಸರ್ಕಾರಿ ನೌಕರಿಯವಳು, ಸಿಕ್ಕಿಬಿದ್ದರೆ ಮಾನ ಹೋಗುತ್ತದೆ, ಅಪಘಾತವಾದರೆ ವಿಮೆಯೂ ಬರುವುದಿಲ್ಲ ಎಂದು ಏನೇನೋ ಹೇಳಿದೆ. ಹೇಳಿದ್ದೆಲ್ಲ ನಿಜವೇ. ಆದರೆ ಅದು ಕಾರಣವಾಗಿರಲಿಲ್ಲ. ಹಿಂದಿನ ಸಂಜೆಯಷ್ಟೇ ಮತ್ತೆ ಬಿದ್ದಿದ್ದೆ. ಆ ಕಲ್ಲುದಾರಿಯಲ್ಲಿ ಅಪ್ಪನನ್ನು ಬೀಳಿಸಿಬಿಟ್ಟರೆ ಎಂಬ ಭಯ ನನಗೆ. ಭಯವಾಗುತ್ತೆ ಎನ್ನುವುದಕ್ಕೆ ನಾಚಿಕೆ. ನಿಯಮ ಕೈಗೆ ಸಿಕ್ಕಿತು, ಅದನ್ನು ಮುಂದೆ ಮಾಡಿದೆ.

"ಆಯ್ತು ಬಿಡು. ಇನ್ನೊಂದೆರಡು ವಾರ ತಾನೆ," ಎಂದು ಅಪ್ಪ ಟವಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು.

ಟೆಸ್ಟಿಗೆ ದಿನ ಸಿಕ್ಕಿದ್ದು ಮೂವತ್ನಾಲ್ಕನೇ ದಿನಕ್ಕೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ನಾನೇ ಓಡಿಸಿದೆ, ಓಬಳೇಶಪ್ಪ ಹಿಂದೆ ಕೂತು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದರು. ಮೈದಾನದಲ್ಲಿ ಎಂಟರ ಆಕಾರದ ದಾರಿಯಲ್ಲಿ ಕಾಲು ನೆಲಕ್ಕೆ ತಾಗಿಸದೆ ಸುತ್ತಿ ಬಂದೆ. "ಪಾಸ್ ಆಗೀರಿ ಮೇಡಂ, ಕಾರ್ಡು ಪೋಸ್ಟಲ್ಲಿ ಬರ್ತೈತೆ," ಎಂದರು ಟೆಸ್ಟ್ ನೋಡುತ್ತಿದ್ದ ಇನ್ಸ್‌ಪೆಕ್ಟರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಒಂದು ವಾರದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಏಳೆಂಟು ಕಿಲೋಮೀಟರ್ ಹೋಗುವುದು ಆಗದ ಮಾತು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ, "ಪಾಸಾತೇನವ್ವ? ಹಂಗಾರೆ ಎತ್ತಿ ಕುಂಡ್ರಿಸ್ರಿ," ಎಂದರು. ನಾನೂ ಯಜಮಾನರೂ ಸೇರಿ ಅವರನ್ನು ಎತ್ತಿ ತಂದು, ಮನೆ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಬೈಕಿನ ಮೇಲೆ ಕೂರಿಸಿದೆವು. ನಾನು ಮುಂದೆ ಕೂತೆ. ಯಜಮಾನರು ಅಪ್ಪನ ಬೆನ್ನಿಗೆ ಆಸರೆಯಾಗಿ ನಿಂತರು. ಅಪ್ಪ ಎರಡೂ ಕೈಯಿಂದ ನನ್ನ ಸೊಂಟ ಹಿಡಿದು, ಹಣೆಯನ್ನು ನನ್ನ ಬೆನ್ನಿಗೆ ಒರಗಿಸಿದರು. ಅವರ ತೂಕವೇ ಗೊತ್ತಾಗುತ್ತಿರಲಿಲ್ಲ.

"ಸ್ಟಾರ್ಟ್ ಮಾಡು," ಎಂದರು. ಮಾಡಿದೆ. ಬೈಕು ನಿಂತಲ್ಲೇ ಗುಡುಗುಡು ಎನ್ನುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಬೆನ್ನ ಹತ್ತಿರದಿಂದ ಅವರ ದನಿ ಕೇಳಿತು.

"ಆವತ್ತು ನಿಂಗೆ ಭಯ ಆಗಿತ್ತು. ರೂಲ್ಸ್ ಅಲ್ಲ."

ನಾನು ಸೊಂಟದ ಮೇಲಿದ್ದ ಅವರ ಕೈ ಮೇಲೆ ಕೈಯಿಟ್ಟೆ.

"ನಂಗೂ ಆಗಿತ್ತು ಬಿಡು," ಎಂದರು.

ಅದಾದ ಐದನೇ ದಿನ ಬೆಳಗ್ಗೆ ಅಪ್ಪ ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಒಂದು ದಿನ ಒಬ್ಬಳೇ ಬೈಕು ತೆಗೆದುಕೊಂಡು ಆದಿವಾಲದ ಕಡೆಗೆ ಹೋದೆ. ಕಲ್ಲುದಾರಿ ನಾನು ಹೆದರಿದಷ್ಟೇನೂ ಕೆಟ್ಟದ್ದಾಗಿರಲಿಲ್ಲ, ಅದೇ ಹೆಚ್ಚು ಸಂಕಟ ಕೊಟ್ಟಿತು. ಕಡಲೆ ಕಿತ್ತ ಹೊಲದಲ್ಲಿ ಮಂದೆ ಹರಡಿತ್ತು. ಚಿಕ್ಕಪ್ಪ ಕಂಬಳಿ ಹಾಸಿ, "ಕುಂತ್ಕ ತಾಯಿ," ಎಂದರು. ನಾನು ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟೆ: ನನ್ನಿಂದ ಅಪ್ಪ ಇಲ್ಲಿಗೆ ಬರದೇ ಹೋದರು.

ಚಿಕ್ಕಪ್ಪ ಮಂದೆಯಿಂದ ಆಚೆ ಹೋಗುತ್ತಿದ್ದ ಕುರಿಯೊಂದನ್ನು ಕೂಗಿ ತಿರುಗಿಸಿದರು. ಆಮೇಲೆ ಹೇಳಿದರು, "ಈ ಹೊಲದ ಗೌಡ್ರ ಹತ್ರ ಬೈಕ್ ಐತೆ. ನಾನೇ ಬಂದು ಕರ್ಕಂಬರ್ತೀನಿ ಅಂದಿದ್ರು, ಎರಡು ಸಲ. ನಾನು ಅಣ್ಣಂಗೆ ಫೋನ್ ಮಾಡಿ ಕೇಳ್ದೆ. ಬ್ಯಾಡ ಅಂದ. ಮಗಳು ಬಿದ್ದು ಎದ್ದು ಕಲೀತಾವ್ಳೆ, ಈಗ ನಾನು ಬ್ಯಾರೆಯವ್ರ ಹಿಂದೆ ಹೋದ್ರೆ ಅವಳು ಕಲ್ತು ಏನ್ ಬಂತು ಅಂದ. ಮಂದೆ ನೋಡ್ದಿದ್ರೂ ಪರ್ವಾಗಿಲ್ಲ, ಅವಳ ಹಿಂದೆ ಕುಂತ್ರೆ ಸಾಕು ಅಂದ."

ಇದನ್ನು ಕೇಳಿ ನನಗೆ ಸಮಾಧಾನವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದುಹೋಗುವ ದಾರಿಯೊಂದು ಅವರಿಗೆ ತೆರೆದೇ ಇತ್ತು, ನನಗಾಗಿ ಅದನ್ನು ಬಿಟ್ಟರು. ಅದರ ಭಾರ ಇನ್ನೂ ಇಳಿದಿಲ್ಲ.

ಈಗ ಆಸ್ಪತ್ರೆಗೆ ಹೊಸದಾಗಿ ಬಂದವರು, ನೆಂಟರಿಷ್ಟರು, ಕಾರಿನ ಲೈಸೆನ್ಸ್ ಇದ್ದರೆ ಬೈಕು ಓಡಿಸಬಹುದೇ ಎಂದು ನನ್ನನ್ನು ಕೇಳುತ್ತಾರೆ. ಇಲ್ಲ, ಬೇರೆ ಎಲ್‌ಎಲ್‌ಆರ್ ಬೇಕು, ಮೂವತ್ತು ದಿನ ಕಾಯಬೇಕು, ಹಿಂದೆ ಯಾರನ್ನೂ ಕೂರಿಸಬೇಡಿ ಎಂದು ಎಲ್ಲವನ್ನೂ ಸರಿಯಾಗಿ ಹೇಳುತ್ತೇನೆ. ನಿಯಮ ಸರಿಯಾಗಿಯೇ ಇದೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಕೇಳಿದವರು ಎದ್ದು ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸುತ್ತೇನೆ: ಭಯವಾದರೆ ಮನೆಯವರ ಹತ್ತಿರ ಭಯ ಅಂತಲೇ ಹೇಳಿ. ಅವರಿಗದು ಮೊದಲೇ ಗೊತ್ತಿರುತ್ತದೆ, ನಿಮ್ಮ ಬಾಯಿಂದ ಕೇಳಲು ಕಾಯುತ್ತಿರುತ್ತಾರೆ.