ಬಾಯಲ್ಲಿ ಹೇಳದ ಪಾಸ್‌ವರ್ಡ್

ಹೊಂಗನೂರಿನ ಪುಟ್ಟಗೌರಮ್ಮ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದವರ ಮುಖ ನೋಡುತ್ತಿದ್ದರು. ಗಂಡ ಚಲುವರಾಜು ಮರದ ಬೊಂಬೆ ಮಾಡುವವರು. 2007ರ ಹೊತ್ತಿಗೆ ಹೊರದೇಶದ ಆರ್ಡರುಗಳೆಲ್ಲ ಅವರ ಇಮೇಲಿಗೇ ಬರುತ್ತಿದ್ದವು.

ಆ ವರ್ಷ ಚಲುವರಾಜು ಎದೆನೋವಿನಿಂದ ಆಸ್ಪತ್ರೆ ಸೇರಿ ಚೇತರಿಸಿಕೊಂಡರು. ತಾವು ಸತ್ತರೆ ಆರ್ಡರುಗಳು ನಿಲ್ಲಬಾರದೆಂದು, ಬಿಡದಿಯ ಕಾರ್ಖಾನೆಯ ಆಫೀಸಿನಲ್ಲಿದ್ದ ತಂಗಿ ಪ್ರತಿಮಾಗೆ ಇಮೇಲಿನ ಪಾಸ್‌ವರ್ಡ್ ಹೇಳಿಕೊಟ್ಟರು. ಪುಟ್ಟಗೌರಮ್ಮನಿಗೆ ಹೊಟ್ಟೆ ಉರಿಯಿತು. ಪ್ರತಿ ಬೊಂಬೆಗೂ ಬಣ್ಣದ ಅರಗು ಹಿಡಿದು ಮೆರುಗು ಕೊಡುತ್ತಿದ್ದವರು ಆಕೆಯೇ.

"ಆಸ್ಪತ್ರೇಲಿ ಕಾಲು ಒತ್ತಕ್ಕೆ ನಾನು, ಗುಟ್ಟು ಹೇಳಕ್ಕೆ ತಂಗಿ, ಅಲ್ವಾ?" ಎಂದರು.

"ಆ ಪಾಸ್‌ವರ್ಡು ನನ್ನೆಸ್ರೇ ಕಣಮ್ಮಿ. ನಾಳೆ ಯಾರಾದ್ರೂ ಕೇಳುದ್ರೆ ನೀನು ಹೇಳ್ತೀಯಾ?" ಎಂದು ಚಲುವರಾಜು ನಕ್ಕರು.

ಪಕ್ಕದಲ್ಲೇ ಇದ್ದ ಪ್ರತಿಮಾ, "ಹೇಳಾದೇನೂ ಬ್ಯಾಡ ಅತ್ಗೆ, ಒತ್ತುದ್ರೆ ಸಾಕು. ಅಕ್ಷರ ಗೊತ್ತಲ್ಲ?" ಎಂದಳು.

ನಾದಿನಿಯಿಂದ ಆ ಬುದ್ಧಿವಾದ ಬಂದದ್ದು ಇನ್ನೂ ಉರಿಯಿತು. ಆದರೂ ಭಾನುವಾರ ಮೂವರೂ ಚನ್ನಪಟ್ಟಣದ ಸೈಬರ್ ಸೆಂಟರಿಗೆ ಹೋದರು. ಏಳನೇ ಕ್ಲಾಸಿನಲ್ಲಿ ಕಲಿತಿದ್ದ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಹುಡುಕಿ, ತುಟಿ ಬಿಗಿಹಿಡಿದು, ಒಂದೇ ಬೆರಳಿನಿಂದ ಪುಟ್ಟಗೌರಮ್ಮ ಗಂಡನ ಹೆಸರನ್ನು ಒತ್ತಿದರು. ಇಮೇಲ್ ತೆರೆದುಕೊಂಡಿತು.

ಪುಟ್ಟಗೌರಮ್ಮ ಗಂಡನ ಕಡೆ ವಾಲಿ ಮೆಲ್ಲಗೆ ಹೇಳಿದರು: "ಇದನ್ನ ಈಗ್ಲೇ ಬದಲಾಯ್ಸಿ. ಹೊಸದೇನೂಂತ ಮೊದ್ಲು ನಂಗೆ ಹೇಳಿ. ಅವ್ಳು ಒಸಿ ಆಚೆ ನಿಂತಿರ್ಲಿ."