ಹೂಳಿನ ಹೊಲದಲ್ಲೊಂದು ಬಾಗಿಲು

ದೆವ್ವ ಕಂಡೆ ಎನ್ನುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. "ಚಹಾ ಕುಡಿಸಿ ಕಳಿಸಿದಿರೋ ಇಲ್ಲೋ?" ಎಂದು ಕಾಡಿಸುತ್ತಿದ್ದೆ. ಈಗ ಕಾಡಿಸುವುದಿಲ್ಲ. ನಂಬಿಕೆ ಬಂದಿದೆ ಅಂತಲ್ಲ. ಆದರೆ ನನ್ನ ಹಣೆಗೆ ಆದದ್ದನ್ನು ಹೇಗೆ ಇಲ್ಲವೆನ್ನಲಿ? ನಗುವುದಾದರೆ ಪೂರ್ತಿ ಓದಿ ನಗಿ.

ನನ್ನ ಹೊಲ ಅರಭಾವಿಯ ಹತ್ತಿರ, ಕಾಲುವೆಯ ದಂಡೆಗಿದೆ. ಅಣೆಕಟ್ಟಿನ ನೀರು ಬಂದ ಮೇಲೆಯೇ ನಮ್ಮ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯಿತು ಎಂದು ಅಪ್ಪ ಹೇಳುತ್ತಿದ್ದ. ಹಾಗಾಗಿ ಅಣೆಕಟ್ಟನ್ನು ಯಾರಾದರೂ ಆಡಿಕೊಂಡರೆ ನನಗೆ ಮೈ ಉರಿಯುತ್ತಿತ್ತು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಹುಕ್ಕೇರಿ ಕಡೆ ಆ ಅಣೆಕಟ್ಟಿನ ಜಲಾಶಯ ಬತ್ತಿ, ಮುಳುಗಿದ ಊರುಗಳ ಗೋಡೆಗಳು ಕಂಡವು. ಹೂಳು ತುಂಬಿಕೊಳ್ಳಲು ರೈತರ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ನಾನೂ ತರಿಸಿದೆ. ಆ ಗೋಡೆಗಳ ನಡುವಿನಿಂದ ಜೆಸಿಬಿ ಬಾಚಿ ಕೊಟ್ಟದ್ದನ್ನು ಹೊಲದಲ್ಲಿ ಸುರಿದು, ಹರವಿ, ಗೋವಿನಜೋಳ ಬಿತ್ತಿದೆವು.

ಬೆಳೆ ಸೊಗಸಾಗಿ ಎದ್ದಿತು. ಒಂದು ಮೂಲೆಯಲ್ಲಿ ಮಾತ್ರ, ಮೊಳದಗಲದ ನೇರ ಪಟ್ಟಿಗಳಲ್ಲಿ, ಒಂದು ಕಾಳೂ ಹುಟ್ಟಲಿಲ್ಲ. ಬೀಜದ ದೋಷ ಎಂದುಕೊಂಡೆ.

ಕಳೆ ತೆಗೆಯಲು ಬಂದ ಹೆಂಗಸರಲ್ಲಿ ಗೌರವ್ವ ಎಂಬ ಮುದುಕಿ ಇದ್ದಳು. ಮದುವೆಯಾಗಿ ಹೋದ ಮನೆ ಅದೇ ಜಲಾಶಯದ ಪಾಲಾದ ಮೇಲೆ, ನಮ್ಮೂರ ಬದಿಗಿರುವ ಊರು ಬಿಟ್ಟವರ ಕಾಲೊನಿಯಲ್ಲಿ ನೆಲೆ ನಿಂತವಳು. ಆಗ ಮೂಡಲಗಿ ಕಡೆ ನೀರು ಒಯ್ಯುವ ಹೊಸ ಕಾಲುವೆ ಆ ಕಾಲೊನಿಯ ಮೇಲೆಯೇ ಹಾಯುವುದಿತ್ತು. ಮರುದಿನ ಪಂಚಾಯಿತಿಯಲ್ಲಿ ಒಪ್ಪಿಗೆಯ ಠರಾವು. ನಾನು ಸದಸ್ಯ.

"ಸಾವ್ಕಾರ್ರ, ನಾಳೆ ನಮ್ಮ ಪರ ಒಂದ್ ಮಾತ ಆಡ್ರಿ" ಎಂದಳು.

"ಆಯಿ, ಸರಕಾರ ಬ್ಯಾರೆ ಕಡೆ ಜಾಗಾ ಕೊಡತೈತಿ. ನೀರ ಇಲ್ಲದವರನ್ನೂ ನೋಡಬೇಕಲ್ಲ?" ಎಂದೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆಕೆ ಕುರ್ಪಿ ಹಿಡಿದು ಬಗ್ಗಿದಳು. ಕಳೆ ತೆಗೆಯುತ್ತ ಆ ಮೂಲೆಗೆ ಬಂದವಳು ತಟ್ಟನೆ ಎದ್ದು ನಿಂತಳು. ಬರಿ ಪಟ್ಟಿಯನ್ನು ದಾಟದೆ ಅದರ ಗುಂಟ ನಡೆದಳು. ಒಂದು ಕಡೆ ಪಟ್ಟಿ ತುಂಡಾಗಿ, ನಡುವೆ ಬೆಳೆ ಎದ್ದಿತ್ತು. ಅಲ್ಲಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ತಲೆ ಬಗ್ಗಿಸಿ, ಬಲಗಾಲಿಟ್ಟು ಒಳಗೆ ಹೋದಳು.

"ಇದು ಪಡಸಾಲಿ. ಅಲ್ಲಿ ಅಡಗಿಮನಿ. ಇಲ್ಲೇ ನನ್ನ ಮಗಳ ತೊಟ್ಟಲಾ ತೂಗತಿದ್ದೆ" ಎಂದಳು. ಅಳುತ್ತಿರಲಿಲ್ಲ. ಬೀಗರಿಗೆ ಮನೆ ತೋರಿಸುವಂತಿತ್ತು.

ಉಳಿದವರು ನಕ್ಕರು. ಬಿಸಿಲಿಗೆ ಮುದುಕಿಯ ತಲೆ ತಿರುಗಿದೆ ಎಂದು ನಾನು ಕರೆತರಲು ಅದೇ ಸಂದಿಯಿಂದ ಹೆಜ್ಜೆಯಿಟ್ಟೆ. ಹಣೆಗೆ ಫಟ್ಟನೆ ಏನೋ ಬಡಿಯಿತು. ಕಟ್ಟಿಗೆ. ಬಾಗಿಲ ಚೌಕಟ್ಟಿಗೆ ತಲೆ ಬಡಿದ ಸಪ್ಪಳ ಯಾರಿಗೆ ಗೊತ್ತಿಲ್ಲ? ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತೆ. ತಲೆಯೆತ್ತಿ ನೋಡಿದರೆ ಮರವಿಲ್ಲ, ತಂತಿಯಿಲ್ಲ, ಬರೀ ಆಕಾಶ.

"ಬಗ್ಗಿ ಬರ್ಬೇಕ್ರಿ. ಸಣ್ಣ ಬಾಗಲಾ ಐತಿ" ಎಂದಳು ಗೌರವ್ವ.

ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಹೆಂಗಸರೆಲ್ಲ ನೋಡಿದರು, ಯಾರೂ ನಗಲಿಲ್ಲ. ನನಗಂತೂ ಹೆದರಿಕೆಯಾಗಿತ್ತು. ಮನೆಯಲ್ಲಿ ಹೆಂಡತಿ ಅರಿಸಿನ ಹಚ್ಚುತ್ತ, ಎಲ್ಲಿ ಬಿದ್ದಿರಿ ಎಂದು ಕೇಳಿದಳು. ಬಿದ್ದಿಲ್ಲ ಎಂದೆ.

ಮರುದಿನ ಸಭೆಯಲ್ಲಿ ಒಪ್ಪುವವರು ಕೈ ಎತ್ತಬೇಕೆಂದರು. ಆ ಬಾಗಿಲಿಗೆ ತಲೆ ಬಡಿದ ಮೇಲೆ ನನ್ನ ಮನಸ್ಸು ತಿರುಗಿತ್ತು; ಎತ್ತಬಾರದೆಂದು ಕೂತಿದ್ದೆ. ಆಗಲೇ ಹಣೆ ಸಿಡಿಯತೊಡಗಿ, ತಡೆಯಲಾರದೆ ಕೈಯಿಟ್ಟು ಒತ್ತಿಕೊಂಡೆ. ಅಧ್ಯಕ್ಷರು ಆ ಕೈಯನ್ನೂ ಎಣಿಸಿದರು. ಇಲ್ಲ ಇಲ್ಲ ಎಂದು ಎದ್ದು ನಿಲ್ಲುವಷ್ಟರಲ್ಲಿ ಚಪ್ಪಾಳೆ ಬಿತ್ತು. ನನ್ನ ಮಾತು ನನಗೇ ಕೇಳಲಿಲ್ಲ.

ಕೃಷಿ ಓದಿದ ಗೆಳೆಯನೊಬ್ಬ, ಹೂಳು ಗಟ್ಟಿಯಾದಲ್ಲಿ ಬೀಜ ಹುಟ್ಟುವುದಿಲ್ಲ ಎಂದು ತಿಳಿಸಿ ಹೇಳಿದ. ಒಪ್ಪಿದೆ. ಬುಗುಟಿನ ವಿಷಯ ಬಂದಾಗ ಮಾತು ಬದಲಿಸಿದ. ಮುಂದಿನ ವರ್ಷ ಉಳುಮೆಯಾಗಿ, ಕಬ್ಬು ಎಲ್ಲ ಕಡೆ ಒಂದೇ ಸಮನೆ ಬಂತು. ಪಟ್ಟಿಗಳು ಅಳಿಸಿಹೋದವು. ಆದರೂ ಆ ಜಾಗಕ್ಕೆ ಬಂದಾಗ ನನ್ನ ತಲೆ ತಾನೇ ಬಗ್ಗುತ್ತದೆ.

ಈಗ ಗೌರವ್ವನ ಕಾಲೊನಿಯ ಗೋಡೆಗಳಿಗೆ ಕೆಂಪು ಗುರುತು ಬಿದ್ದಿದೆ. ಮೊನ್ನೆ ಅಲ್ಲಿ ಅಳೆಯಲು ಬಂದಿದ್ದ ಎಂಜಿನಿಯರನ್ನು, ಇಲ್ಲಿ ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

"ಯಾಕ್ರಿ, ನಿಮ್ಮ ಹೊಲಕ್ಕ ಬೇಕಾಗೈತೇನು?" ಎಂದ.

ಗೌರವ್ವ ತನ್ನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ತಾನೇ ಹಣೆಗೆ ಹೋಯಿತು.